ಹತ್ತಿ ಇಳಿದ ಘಾಟಿನಲ್ಲಿ ಕಲ್ಲಿದ್ದಲು ಏರುತ್ತಿದೆ

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ಎಲ್ಲ ವಿದ್ಯಾರ್ಥಿಗಳಿಗೆ,



ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರ ಬಂತೆಂದರೆ ವಿದ್ಯಾನಗರದಲ್ಲೂ ಸಪ್ತಾಪುರದಲ್ಲೂ ಝೆರಾಕ್ಸ್ ಅಂಗಡಿಗಳಿಗೆ ಸುಗ್ಗಿ. ಸ್ಪೈರಲ್ ಬೈಂಡಿಂಗಿಗೆ ಕಾದು ಬಿದ್ದ ವರದಿಗಳ ಮೇಲಿನ ಹಾಳೆ ನೋಡಿದರೆ ಸಾಕು, ಒಳಗೇನಿದೆ ಎಂಬುದನ್ನು ಅಂಗಡಿಯವನೇ ಹೇಳಿಬಿಡುತ್ತಾನೆ: ಮುಖ ಗುರುತಿಸಿ ಹಾಜರಿ ಹಾಕುವ ಯಂತ್ರ, ಸಿನಿಮಾ ಸೂಚಿಸುವ ಆ್ಯಪ್, ಮನೆಯ ಬೆಲೆ ಅಂದಾಜು ಮಾಡುವ ಪ್ರೋಗ್ರಾಮು. ಆ ಮನೆಗಳೂ ಎಷ್ಟೋ ಸಲ ಅಮೆರಿಕದ ಬಾಸ್ಟನ್ ನಗರದವು. ನವನಗರದ ಸೈಟಿನ ದರ ಬಾಯಿಪಾಠ ಇರುವ ಹುಡುಗ, ಸಿದ್ಧ ಅಂಕಿ-ಅಂಶ ಸಿಗುತ್ತದೆಂಬ ಒಂದೇ ಕಾರಣಕ್ಕೆ ಬಾಸ್ಟನ್ನಿನ ಮನೆಗಳಿಗೆ ಬೆಲೆ ಕಟ್ಟುತ್ತ ಕೂತಿರುತ್ತಾನೆ.

ಈ ಪತ್ರ ನಿಮ್ಮ ಮುಂದಿಡುವ ವಿಷಯದ ಹೆಸರು ಕೇಳಿದರೆ ಅದೂ ದೂರದ್ದೇ ಅನಿಸೀತು: ದೇಶ-ದೇಶಗಳ ನಡುವಿನ ಇಂಧನ ವ್ಯಾಪಾರದ ಜಾಲ ವಿಶ್ಲೇಷಣೆ. ಆದರೆ ಆ ಜಾಲದ ಒಂದು ಎಳೆ ನಿಮ್ಮ ಊರಿನ ಸ್ಟೇಷನ್ ದಾಟಿ ಹೋಗುತ್ತದೆ. ಅದನ್ನು ನೋಡಲು ಪ್ಲಾಟ್‌ಫಾರ್ಮ್ ಟಿಕೆಟ್ ಇದ್ದರೆ ಸಾಕು.

ಗೋವಾದ ಮುರ್ಮುಗಾಂವ್ ಬಂದರಿನಲ್ಲಿ ಇಳಿದ ಕಲ್ಲಿದ್ದಲು ಕುಳೆಂ, ಕ್ಯಾಸಲ್‌ರಾಕ್, ಲೋಂಡಾ, ಅಳ್ನಾವರ ಹಾಯ್ದು ಧಾರವಾಡ-ಹುಬ್ಬಳ್ಳಿಗೆ ಬಂದು, ಮುಂದೆ ಗದಗ, ಕೊಪ್ಪಳ, ಹೊಸಪೇಟೆ ದಾಟಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಸೇರುತ್ತದೆ. ಸಂಡೂರಿನ ಗುಡ್ಡಗಳಲ್ಲಿ ಅದಿರಿಗೆ ಬರವಿಲ್ಲ. ಊದುಕುಲುಮೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲಿಗೆ ಬರ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು. ಅದಕ್ಕೇ ಭಾರತ ತನಗೆ ಬೇಕಾದ ಕೋಕಿಂಗ್ ಕಲ್ಲಿದ್ದಲಿನ ಬಹುಪಾಲನ್ನು ಹೊರಗಿನಿಂದ ತರಿಸುತ್ತದೆ, ಅದರಲ್ಲಿ ದೊಡ್ಡ ಪಾಲು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನದು.

ಒಂದು ರೇಕ್ ಅಂದರೆ ಐವತ್ತೆಂಟೋ ಐವತ್ತೊಂಬತ್ತೋ ವ್ಯಾಗನ್. ಒಂದೊಂದರಲ್ಲಿ ಅರವತ್ತು ಟನ್ನಿನ ಮೇಲೆ ಮಾಲು, ಒಟ್ಟು ಸುಮಾರು 3,700 ಟನ್. ಎಂಜಿನ್ ಸೇರಿ ಉದ್ದ 700 ಮೀಟರ್ ಹತ್ತಿರ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮಿನ ಉದ್ದಕ್ಕೆ ಇಂಥ ಎರಡು ರೇಕ್ ಒಂದರ ಬೆನ್ನಿಗೊಂದು ನಿಲ್ಲಬಹುದು. ಈಗ ಹಡಗಿನ ಲೆಕ್ಕ ಹಾಕಿ. 75 ಸಾವಿರ ಟನ್ ಹೊತ್ತ ಒಂದು ಹಡಗು ಖಾಲಿಯಾಗಲು ಇಪ್ಪತ್ತು ರೇಕ್ ಬೇಕು. ಅವನ್ನೆಲ್ಲ ಜೋಡಿಸಿ ಒಂದೇ ಗಾಡಿ ಮಾಡಿದರೆ 14 ಕಿಲೋಮೀಟರ್. ಎಂಜಿನ್ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ನಿಂತರೆ ಕೊನೆಯ ಡಬ್ಬಿ ನವಲೂರಿನ ಪೇರಲ ತೋಟಗಳ ಆಸುಪಾಸಿನಲ್ಲಿ ಇರುತ್ತದೆ.

ಈ ಗಾಡಿ ಘಾಟ್ ಏರುವ ಕಥೆಯೇ ಬೇರೆ. ಕುಳೆಂನಿಂದ ಕ್ಯಾಸಲ್‌ರಾಕಿನವರೆಗೆ ಏರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಹೋಗುವಷ್ಟರಲ್ಲಿ ಒಂದು ಮೀಟರ್ ಮೇಲೆ. ಹಿಂದಿನಿಂದ ಬ್ಯಾಂಕರ್ ಎಂಜಿನ್‌ಗಳು ನೂಕದೆ ತುಂಬಿದ ರೇಕ್ ಹತ್ತುವುದಿಲ್ಲ. ದೂಧಸಾಗರದ ಮುಂದೆ ಹಾಯುವ ಈ ದಾರಿ ಇಂದಿಗೂ ಒಂಟಿ ಹಳಿ. ಜೋಡಿ ಹಳಿ ಹಾಕುವ ಯೋಜನೆಗೆ ಗೋವಾದಲ್ಲಿ ಭಾರಿ ವಿರೋಧ ಎದ್ದಿತು, 2020ರ ನವೆಂಬರಿನಲ್ಲಿ ಚಾಂದೋರಿನ ಜನ ರಾತ್ರಿಯಿಡೀ ಹಳಿಯ ಮೇಲೆ ಕೂತರು. ಪಶ್ಚಿಮ ಘಟ್ಟದ ಕಾಡಿನಲ್ಲಿ ಈ ಕೆಲಸಕ್ಕೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಕ್ವೀನ್ಸ್‌ಲ್ಯಾಂಡಿನಿಂದ ತೋರಣಗಲ್ಲಿಗೆ ಎಳೆದ ಗೆರೆ ಸಮುದ್ರದಲ್ಲಿ ಎಷ್ಟೇ ದಪ್ಪವಿರಲಿ, ಇಲ್ಲಿ ಸೂಜಿಯ ಕಣ್ಣಿನಲ್ಲಿ ತೂರಬೇಕು. ತೋರಣಗಲ್ಲು ಪೂರ್ವ ಕರಾವಳಿಯ ಬಂದರುಗಳಿಂದಲೂ ಮಾಲು ತರಿಸಿಕೊಳ್ಳುವುದು ಏಕೆ ಎಂಬುದಕ್ಕೆ ಇದೂ ಒಂದು ಉತ್ತರ.

ಹಾಗೆ ನೋಡಿದರೆ ಈ ಹಳಿ ಹಾಕಿದ್ದು ಮಾಲು ಮೇಲೆ ತರಲಿಕ್ಕಲ್ಲ, ಕೆಳಗೆ ಇಳಿಸಲಿಕ್ಕೆ. 1840ರ ದಶಕದಲ್ಲಿ ಧಾರವಾಡ ಸೀಮೆಯ ಎರೆಹೊಲಗಳಲ್ಲಿ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿ ಬೇರು ಬಿಟ್ಟಿತು, ‘ಧಾರವಾಡ-ಅಮೆರಿಕನ್’ ಎಂದೇ ಹೆಸರಾಯಿತು. ಆಗ ಲ್ಯಾಂಕಾಶೈರಿನ ಗಿರಣಿಗಳು ಮುಕ್ಕಾಲು ಪಾಲಿಗಿಂತ ಹೆಚ್ಚು ಹತ್ತಿಗೆ ಅಮೆರಿಕದ ದಕ್ಷಿಣ ರಾಜ್ಯಗಳನ್ನೇ ನಂಬಿದ್ದವು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು, ಬಂದರುಗಳಿಗೆ ದಿಗ್ಬಂಧನ ಬಿತ್ತು. ಗಿರಣಿಗಳು ಜಗತ್ತಿನ ನಕ್ಷೆಯ ಮೇಲೆ ಬೇರೆ ಹತ್ತಿ ಹುಡುಕುತ್ತ ಬಂದು ಧಾರವಾಡದ ಮೇಲೂ ಬೆರಳಿಟ್ಟವು. ಇಲ್ಲಿ ದರ ಆಕಾಶಕ್ಕೇರಿತು. 1865ರಲ್ಲಿ ಯುದ್ಧ ಮುಗಿಯಿತು, ದರ ಕುಸಿಯಿತು. ಧಾರವಾಡದ ರೈತ ಆ ನಾಲ್ಕು ವರ್ಷ ಹೆಚ್ಚು ಬೆವರು ಸುರಿಸಿದ್ದರಿಂದ ಸಿರಿವಂತನಾಗಲಿಲ್ಲ, ಐದನೆಯ ವರ್ಷ ಸೋಮಾರಿಯಾಗಿ ಸೋಲಲೂ ಇಲ್ಲ. ಅವನು ಕಾಣದ ಒಂದು ಗೆರೆ ಎಲ್ಲೋ ಕಡಿದು, ಎಲ್ಲೋ ಮತ್ತೆ ಕೂಡಿತು. 1878ರ ಆಂಗ್ಲ-ಪೋರ್ಚುಗೀಸ್ ಒಪ್ಪಂದದ ಬೆನ್ನಿಗೆ ಮುರ್ಮುಗಾಂವ್ ಬಂದರಿನಿಂದ ಕ್ಯಾಸಲ್‌ರಾಕಿನವರೆಗಿನ ಹಳಿ ಬಂತು, 1888ಕ್ಕೆ ಗಾಡಿ ಓಡಾಡತೊಡಗಿತು. ಬಯಲುಸೀಮೆಯ ಹತ್ತಿಯ ಅಂಡಿಗೆಗಳು ಆ ಘಾಟಿನಲ್ಲಿ ಇಳಿದು ಹಡಗು ಏರಿದವು. ಅದೇ ಘಾಟಿನಲ್ಲಿ ಇಂದು ಕಲ್ಲಿದ್ದಲು ಏರುತ್ತಿದೆ.

ಜಾಲ ವಿಶ್ಲೇಷಣೆ ಎಂದರೆ ಆ ಕಾಣದ ಗೆರೆಯನ್ನು ಕಾಗದಕ್ಕೆ ಇಳಿಸುವ ವಿದ್ಯೆ. ಇದರ ಮೂಲ ಹಳೆಯದು. 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ ಕ್ಯೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಒಗಟನ್ನು ಬಿಡಿಸುವಾಗ ಊರನ್ನೆಲ್ಲ ಅಳಿಸಿ, ಯಾವ ನೆಲಕ್ಕೂ ಯಾವ ನೆಲಕ್ಕೂ ನಡುವೆ ಸೇತುವೆ ಇದೆ ಎಂಬುದನ್ನು ಮಾತ್ರ ಉಳಿಸಿಕೊಂಡ. ಮುಂದೆ ಅದೇ ಚುಕ್ಕಿ-ಗೆರೆಯ ಚಿತ್ರವಾಯಿತು. ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಎಳೆಯುವವರಿಗೆ ಇದು ಹೊಸದೇನಲ್ಲ. ಇಂಧನದ ರಂಗೋಲಿಯಲ್ಲಿ ದೇಶವೊಂದು ಚುಕ್ಕಿ, ಮಾರಾಟವೊಂದು ಗೆರೆ. ಗೆರೆಗೆ ದಿಕ್ಕುಂಟು: ಮಾರಿದವನಿಂದ ಕೊಂಡವನ ಕಡೆಗೆ. ಗೆರೆಗೆ ತೂಕವೂ ಉಂಟು: ಎಷ್ಟು ಟನ್, ಎಷ್ಟು ಡಾಲರ್.

ಒಂದು ಚುಕ್ಕಿಗೆ ಎಷ್ಟು ಗೆರೆ ಸೇರುತ್ತವೆ ಎಂದು ಎಣಿಸುವುದು ಮೊದಲ ಪಾಠ. ಎರಡನೆಯ ಪಾಠಕ್ಕೆ ಹುಬ್ಬಳ್ಳಿಯವರು ಪುಸ್ತಕ ತೆರೆಯಬೇಕಿಲ್ಲ, ಚನ್ನಮ್ಮ ಸರ್ಕಲ್ಲಿಗೆ ಹೋದರೆ ಸಾಕು. ಅಲ್ಲಿ ನಿಂತ ಗಾಡಿಗಳಲ್ಲಿ ಹೆಚ್ಚಿನವರಿಗೆ ಆ ಸರ್ಕಲ್ಲಿನಲ್ಲಿ ಕೆಲಸವೇ ಇರುವುದಿಲ್ಲ, ಎಲ್ಲರೂ ಇನ್ನೆಲ್ಲಿಗೋ ಹೊರಟವರು. ಆದರೂ ಅಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಗೋಕುಲ ರೋಡಿನವನಿಗೂ ಕೇಶ್ವಾಪುರದವನಿಗೂ ಒಟ್ಟಿಗೇ ತಡ. ಒಂದು ಚುಕ್ಕಿಯ ಮಹತ್ವ ಅದರದೇ ವಹಿವಾಟಿನಲ್ಲಿರದೆ, ಅದರ ಮೂಲಕ ಹಾಯುವ ಬೇರೆಯವರ ದಾರಿಗಳಲ್ಲಿ ಇರುವುದುಂಟು. ಇದನ್ನು ಅಳೆಯುವ ಒಂದು ಅಳತೆಗೋಲನ್ನು ಲಿಂಟನ್ ಫ್ರೀಮನ್ ಎಂಬ ಸಮಾಜವಿಜ್ಞಾನಿ 1977ರಲ್ಲಿ ಸೂತ್ರವಾಗಿ ಬರೆದ. ಅದಕ್ಕೆ ‘ಬಿಟ್ವೀನ್‌ನೆಸ್’ ಎನ್ನುತ್ತಾರೆ. ಕನ್ನಡದಲ್ಲಿ ನಡುತನ ಅನ್ನೋಣ.

ಜಗತ್ತಿನ ಎಣ್ಣೆಗೆ ಅಂಥ ಚನ್ನಮ್ಮ ಸರ್ಕಲ್ ಹೊರ್ಮುಜ್ ಜಲಸಂಧಿ. ಅತಿ ಕಿರಿದಾದ ಕಡೆ ಸುಮಾರು 33 ಕಿಲೋಮೀಟರ್ ಅಗಲ. 2024ರಲ್ಲಿ ದಿನಕ್ಕೆ ಸುಮಾರು 2 ಕೋಟಿ ಬ್ಯಾರೆಲ್ ಎಣ್ಣೆ ಅಲ್ಲಿ ಹಾಯುತ್ತಿತ್ತು, ಜಗತ್ತು ಬಳಸುವ ಎಣ್ಣೆಯ ಐದನೇ ಒಂದು ಪಾಲು. ದ್ರವೀಕೃತ ಅನಿಲದ ವ್ಯಾಪಾರದಲ್ಲೂ ಅಷ್ಟೇ ಪಾಲು.

ಈ ಪತ್ರದ ಮುಖ್ಯ ಮಾತು ಇಲ್ಲಿದೆ. ‘ನಮಗೆ ಎಣ್ಣೆ ಮಾರುವ ದೇಶಗಳು ಬಹಳ ಇವೆ, ಒಬ್ಬ ಕೈಕೊಟ್ಟರೆ ಇನ್ನೊಬ್ಬ’ ಎಂಬ ಸಮಾಧಾನ ಪತ್ರಿಕೆಗಳಲ್ಲೂ ಭಾಷಣಗಳಲ್ಲೂ ಆಗಾಗ ಕೇಳುತ್ತದೆ. ಅದನ್ನು ಲೆಕ್ಕಕ್ಕೆ ಹಚ್ಚಿ ನೋಡಿ. ಅರ್ಥಶಾಸ್ತ್ರದಲ್ಲಿ ಒಂದು ಸರಳ ಸೂಚಿ ಇದೆ: ಪ್ರತಿಯೊಬ್ಬ ಮಾರಾಟಗಾರನ ಶೇಕಡಾ ಪಾಲನ್ನು ವರ್ಗ ಮಾಡಿ ಕೂಡಿಸುವುದು. ಮೊತ್ತ ದೊಡ್ಡದಾದಷ್ಟೂ ಅವಲಂಬನೆ ಗಟ್ಟಿ. ಇರಾಕ್, ಕುವೈತ್, ಕತಾರ್, ಇರಾನ್ ಈ ನಾಲ್ವರ ಹತ್ತಿರ ತಲಾ ಶೇಕಡಾ 25ರಷ್ಟು ಕೊಳ್ಳುವ ಒಂದು ಕಾಲ್ಪನಿಕ ದೇಶ ಇದೆಯೆನ್ನಿ. ಇಪ್ಪತ್ತೈದರ ವರ್ಗ 625, ನಾಲ್ಕು ಸಲ ಕೂಡಿಸಿದರೆ 2,500. ನೋಡಲಿಕ್ಕೆ ಚೆಂದ. ಈಗ ಮಾರಾಟಗಾರರ ಹೆಸರು ಅಳಿಸಿ, ಮಾಲು ಹಾಯುವ ಬಾಗಿಲಿನ ಹೆಸರು ಬರೆಯಿರಿ. ನಾಲ್ವರ ಹಡಗೂ ಹೊರ್ಮುಜ್ ದಾಟಿಯೇ ಬರಬೇಕೆಂದರೆ ಪಾಲು ನೂರಕ್ಕೆ ನೂರು, ವರ್ಗ 10,000. ಅದೇ ದೇಶ, ಅದೇ ಎಣ್ಣೆ, ಆದರೆ ಸೂಚಿ ನಾಲ್ಕು ಪಟ್ಟು. ಸೌದಿ ಅರೇಬಿಯಾಕ್ಕೆ ಕೆಂಪು ಸಮುದ್ರದ ಯಾನ್‌ಬುವಿನವರೆಗೂ, ಯುಎಇಗೆ ಜಲಸಂಧಿಯ ಆಚೆಗಿನ ಫುಜೈರಾದವರೆಗೂ ಕೊಳವೆ ಮಾರ್ಗ ಇವೆ. ನಮ್ಮ ಕಾಲ್ಪನಿಕ ದೇಶ ಇವರಿಂದಲೂ ಕೊಳ್ಳುತ್ತದೆಂದು ಹಿಡಿದು ಅವನ್ನು ಗೆರೆಯಾಗಿ ಸೇರಿಸಿದ ಕೂಡಲೇ ಉತ್ತರ ಬದಲಾಗುತ್ತದೆ. ಆ ಬದಲಾವಣೆ ಎಷ್ಟು ಎಂದು ಹೇಳುವುದೇ ಒಂದು ಒಳ್ಳೆಯ ಪ್ರಾಜೆಕ್ಟ್.

ಅಡಿಗೆಮನೆಯ ಸಿಲಿಂಡರಿನಿಂದಲೂ ಶುರುಮಾಡಬಹುದು. 14.2 ಕೆಜಿ ಸಿಲಿಂಡರಿನ ಲೆಕ್ಕದಲ್ಲಿ, 2024ರ ಆಸುಪಾಸಿನ ಅಂಕಿಗಳಂತೆ, ಎಂಟು ಕೆಜಿಗೂ ಹೆಚ್ಚು ಅನಿಲ ದೇಶದ ಹೊರಗಿನದು, ಅದರ ಬಹುಪಾಲು ಕೊಲ್ಲಿ ದೇಶಗಳದು. ಕಲಘಟಗಿಯ ಹಳ್ಳಿಯಲ್ಲಿ 2016ರ ಉಜ್ವಲಾ ಯೋಜನೆಯಿಂದ ಮೊದಲ ಸಲ ಗ್ಯಾಸ್ ಒಲೆ ಹಚ್ಚಿದ ಮನೆಯೂ ಅಂದಿನಿಂದ ಈ ಜಾಲದ ಒಂದು ಚುಕ್ಕಿ.

ಗೆರೆ ಎಂದರೆ ಬರೀ ಹಡಗು ಅಥವಾ ಕೊಳವೆ ಎಂದುಕೊಂಡವರು ಮಂಗಳೂರಿನ ಎಂಆರ್‌ಪಿಎಲ್ ಕಥೆ ನೋಡಬೇಕು. ಇರಾನಿನ ಕಚ್ಚಾ ತೈಲವನ್ನು ಭಾರತದಲ್ಲಿ ಅತಿ ಹೆಚ್ಚು ಕೊಳ್ಳುತ್ತಿದ್ದ ಸಂಸ್ಕರಣಾಗಾರಗಳಲ್ಲಿ ಅದೂ ಒಂದು. ಅಮೆರಿಕದ ನಿರ್ಬಂಧದಿಂದ ಡಾಲರಿನ ದಾರಿ ಮುಚ್ಚಿದಾಗ, 2012ರಿಂದ ಹಣದ ಒಂದು ಭಾಗ ಯುಕೋ ಬ್ಯಾಂಕಿನ ಮೂಲಕ ರೂಪಾಯಿಯಲ್ಲೇ ಸಂದಾಯವಾಯಿತು. 2013ರಲ್ಲಿ ಮಾತ್ರ ಕೆಲವು ತಿಂಗಳು ಇರಾನಿನ ಎಣ್ಣೆ ಮಂಗಳೂರಿಗೆ ಬರಲೇ ಇಲ್ಲ. ಬಾವಿ ಬತ್ತಿರಲಿಲ್ಲ, ಹಡಗಿಗೆ ಬರವಿರಲಿಲ್ಲ. ಇರಾನಿನ ಎಣ್ಣೆ ಶುದ್ಧೀಕರಿಸುವ ಕಾರ್ಖಾನೆಗೆ ವಿಮೆ ಸಿಗಲಿಲ್ಲ. ನಮ್ಮ ವಿಮಾ ಕಂಪನಿಗಳ ಬೆನ್ನಿಗಿದ್ದ ಯುರೋಪಿನ ಮರುವಿಮೆದಾರರು ನಿರ್ಬಂಧಕ್ಕೆ ಅಂಜಿ ಹಿಂದೆ ಸರಿದಿದ್ದರು. ಎಣ್ಣೆಯ ಗೆರೆಯ ಕೆಳಗೆ ಹಣದ ಗೆರೆ, ಅದರ ಕೆಳಗೆ ವಿಮೆಯ ಗೆರೆ. ಯಾವುದೊಂದು ಕಡಿದರೂ ಮೇಲಿನದು ನಿಲ್ಲುತ್ತದೆ. 2019ರ ಮೇ ತಿಂಗಳಲ್ಲಿ ಅಮೆರಿಕ ಕೊಟ್ಟಿದ್ದ ವಿನಾಯಿತಿ ಮುಗಿದ ಮೇಲೆ ಭಾರತ ಇರಾನಿನ ತೈಲ ತರಿಸುವುದನ್ನೇ ನಿಲ್ಲಿಸಿತು.

ಇನ್ನೊಂದು ಕಥೆ ಧಾರವಾಡ ಜಿಲ್ಲೆಯ ನೆಲದಡಿಯಲ್ಲೇ ಹಾಯುತ್ತದೆ. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಸರ್ಕಾರಿ ಅನಿಲ ಕಂಪನಿ ಗೇಲ್ ಹಾಕಿದ ಸುಮಾರು ಸಾವಿರ ಕಿಲೋಮೀಟರ್ ಉದ್ದದ ಕೊಳವೆ 2013ರಲ್ಲಿ ಶುರುವಾಯಿತು. ದಾಭೋಳದ ಹೆಸರು ಕೇಳಿದ ಕೂಡಲೇ ಹಿರಿಯರಿಗೆ ಅಲ್ಲಿ ವಿದ್ಯುತ್ ಸ್ಥಾವರ ಕಟ್ಟಿದ್ದ ಅಮೆರಿಕದ ಎನ್ರಾನ್ ನೆನಪಾಗುತ್ತದೆ. 2001ರಲ್ಲಿ ಆ ಕಂಪನಿ ದಿವಾಳಿಯಾದ ಮೇಲೆ ಅಲ್ಲಿನ ಅನಿಲ ಬಂದರು ವರ್ಷಗಟ್ಟಲೆ ಬಿದ್ದುಕೊಂಡಿತ್ತು. ಚಾಲೂ ಆದ ಮೇಲೂ ಅಲೆತಡೆ ಗೋಡೆ ಇಲ್ಲದೆ ಬಹಳ ವರ್ಷ ಮಳೆಗಾಲದಲ್ಲಿ ಹಡಗು ಕಟ್ಟಲಾಗುತ್ತಿರಲಿಲ್ಲ. ಆಗೆಲ್ಲ ಗುಜರಾತಿನ ಕಡೆಯಿಂದ ಬರುವ ಕೊಳವೆ ಕೈಹಿಡಿಯುತ್ತಿತ್ತು. ಎರಡನೆಯ ದಾರಿ ಇರುವುದರ ಬೆಲೆ ಅಂಥ ಮಳೆಗಾಲದಲ್ಲಿ ತಿಳಿಯುತ್ತದೆ.

2022ರಲ್ಲಿ ಮಾತ್ರ ಪೆಟ್ಟು ಯಾರೂ ಎಣಿಸದ ಕಡೆಯಿಂದ ಬಿತ್ತು. ಗೇಲ್ ಅನಿಲ ಕೊಳ್ಳಲು ಒಪ್ಪಂದ ಮಾಡಿಕೊಂಡಿದ್ದು ರಷ್ಯಾದ ಗಾಜ್‌ಪ್ರಾಮಿನ ಸಿಂಗಾಪುರ ಅಂಗಸಂಸ್ಥೆಯ ಜೊತೆ. ಉಕ್ರೇನ್ ಯುದ್ಧ ಶುರುವಾದ ಮೇಲೆ ಆ ಸಂಸ್ಥೆ ಜರ್ಮನಿಯಲ್ಲಿದ್ದ ತನ್ನ ಮಾತೃಸಂಸ್ಥೆಯ ಜೊತೆಗೇ ಜರ್ಮನ್ ಸರ್ಕಾರದ ಹಿಡಿತಕ್ಕೆ ಹೋಯಿತು. ಭಾರತಕ್ಕೆ ಬರಬೇಕಿದ್ದ ಹಡಗುಗಳು ಬರಲಿಲ್ಲ. ಗೇಲ್ ತನ್ನ ಗ್ರಾಹಕರಿಗೆ ಅನಿಲವನ್ನು ಅಳೆದು ಕೊಡಬೇಕಾಯಿತು. ವ್ಯಾಜ್ಯ ನಡೆದು, 2025ರ ಜನವರಿಯಲ್ಲಿ 28.5 ಕೋಟಿ ಡಾಲರಿಗೆ ರಾಜಿಯಾಯಿತು. ಭಾರತ-ರಷ್ಯಾ ಗೆರೆ ಭದ್ರವಾಗಿತ್ತು, ಭಾರತ-ಜರ್ಮನಿ ಗೆರೆಯೂ ಭದ್ರವಾಗಿತ್ತು. ಜಗಳ ಆದದ್ದು ರಷ್ಯಾ-ಜರ್ಮನಿ ನಡುವೆ. ಮೂರು ಚುಕ್ಕಿಯ ತ್ರಿಕೋನದಲ್ಲಿ ಎದುರಿನ ಬಾಹು ಮುರಿದರೂ ಏಟು ನಮಗೆ. ಎರಡೆರಡು ದೇಶಗಳ ಸಂಬಂಧವನ್ನು ಬಿಡಿಬಿಡಿಯಾಗಿ ನೋಡಿದವರಿಗೆ ಇದು ಕಾಣುವುದಿಲ್ಲ, ಜಾಲವಾಗಿ ನೋಡಿದವರಿಗೆ ಕಾಣುತ್ತದೆ.

ಹುಬ್ಬಳ್ಳಿಯ ಗಬ್ಬೂರಿನಲ್ಲಿ 2019ರ ಫೆಬ್ರವರಿ 10ರಂದು ಪ್ರಧಾನಿಯವರ ಕಾರ್ಯಕ್ರಮವೊಂದು ನಡೆದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಐಐಟಿ, ಐಐಐಟಿ ಕಟ್ಟಡಗಳ ಶಿಲಾನ್ಯಾಸದ ಸುದ್ದಿಯಲ್ಲಿ ಉಳಿದದ್ದು ಮರೆತುಹೋಯಿತು. ಅದೇ ವೇದಿಕೆಯಿಂದ ಧಾರವಾಡದ ನಗರ ಅನಿಲ ಜಾಲ ಲೋಕಾರ್ಪಣೆಯಾಯಿತು. ಕಲ್ಲಿದ್ದಲು ಹಾಯುವ ಹೊಸಪೇಟೆ-ಹುಬ್ಬಳ್ಳಿ-ವಾಸ್ಕೊ ನಡುವಿನ 346 ಕಿಲೋಮೀಟರ್ ರೈಲುಮಾರ್ಗದ ವಿದ್ಯುದೀಕರಣಕ್ಕೆ ಅಡಿಗಲ್ಲು ಬಿತ್ತು. ಮಂಗಳೂರು ಮತ್ತು ಪಾದೂರಿನ ತೈಲ ಸಂಗ್ರಹಗಾರಗಳೂ ಅಲ್ಲಿಂದಲೇ ಲೋಕಾರ್ಪಣೆಯಾದವು. ಅನಿಲ, ಕಲ್ಲಿದ್ದಲು, ಎಣ್ಣೆ ಮೂರೂ ಒಂದೇ ದಿನ, ಒಂದೇ ಊರಿನಲ್ಲಿ. ಆ ಸಂಗ್ರಹಗಾರಗಳೆಂದರೆ ನಮ್ಮ ಹಗೇವೇ. ಬರಗಾಲಕ್ಕೆಂದು ಜೋಳವನ್ನು ನೆಲದೊಳಗೆ ತುಂಬಿಡುತ್ತಿದ್ದ ಹಾಗೆ, ಮಂಗಳೂರಿನ ಬಂಡೆಯೊಳಗೆ 15 ಲಕ್ಷ ಟನ್, ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲಕ್ಕೆ ಜಾಗ. ವಿಶಾಖಪಟ್ಟಣದ್ದೂ ಸೇರಿ ಮೂರೂ ತುಂಬಿದ್ದರೆ ದೇಶಕ್ಕೆ ಸುಮಾರು ಒಂಬತ್ತೂವರೆ ದಿನದ ಆಸರೆ. ಗೆರೆ ಕಡಿದಾಗ ಹೊಸ ಗೆರೆ ಎಳೆಯಲು ಸಿಗುವ ಸಮಯ ಅದು.

ಹೊಸ ಗೆರೆ ಎಳೆಯುವುದು ಎಷ್ಟು ಬೇಗ ಸಾಧ್ಯ? ಅದಕ್ಕೂ ಉದಾಹರಣೆ ಬೇಕಷ್ಟಿವೆ. 2017ರ ಮಾರ್ಚ್ ಕೊನೆಗೆ ಡೆಬಿ ಚಂಡಮಾರುತ ಕ್ವೀನ್ಸ್‌ಲ್ಯಾಂಡಿನ ಗಣಿಗಳ ರೈಲುಮಾರ್ಗ ಕೆಡವಿತು, ಕೆಲವೇ ವಾರಗಳಲ್ಲಿ ಕೋಕಿಂಗ್ ಕಲ್ಲಿದ್ದಲಿನ ದರ ಹೆಚ್ಚುಕಡಿಮೆ ಇಮ್ಮಡಿಯಾಯಿತು. 2020ರ ಕೊನೆಗೆ ಚೀನಾ ಆಸ್ಟ್ರೇಲಿಯಾದ ಕಲ್ಲಿದ್ದಲನ್ನು ಬಾಗಿಲಲ್ಲೇ ತಡೆದಾಗ ಆದದ್ದು ಬೇರೆ: ಆ ಹಡಗುಗಳು ಭಾರತ, ಜಪಾನ್ ಕಡೆ ತಿರುಗಿದವು. 2022ರ ಮೊದಲು ನಮ್ಮ ಕಚ್ಚಾ ತೈಲದಲ್ಲಿ ಶೇಕಡಾ 2ರ ಆಸುಪಾಸಿನಲ್ಲಿದ್ದ ರಷ್ಯಾದ ಪಾಲು 2023-24ಕ್ಕೆ ಮೂರನೇ ಒಂದಕ್ಕಿಂತ ಹೆಚ್ಚಾಯಿತು. ಮಾರುವವನು ಬಾಗಿಲು ಮುಚ್ಚಿದರೆ ಒಂದು ಪರಿಣಾಮ, ಕೊಳ್ಳುವವನು ಮುಚ್ಚಿದರೆ ಇನ್ನೊಂದು, ದಾರಿಯೇ ಮುಚ್ಚಿದರೆ ಮತ್ತೊಂದು. 2000ನೇ ಇಸವಿಯಲ್ಲಿ ಆಲ್ಬರ್ಟ್, ಜಿಯೋಂಗ್, ಬರಬಾಸಿ ಎಂಬ ಮೂವರು ‘ನೇಚರ್’ ಪತ್ರಿಕೆಯಲ್ಲಿ ಇಂಥದೇ ಪ್ರಶ್ನೆ ಎತ್ತಿದ್ದರು. ಕೆಲವೇ ಚುಕ್ಕಿಗಳಿಗೆ ಗೆರೆಗಳ ಗುಂಪು ಸೇರಿರುವ ಜಾಲದಲ್ಲಿ ಯಾದೃಚ್ಛಿಕವಾಗಿ ಒಂದೆರಡು ಚುಕ್ಕಿ ಅಳಿಸಿದರೆ ಏನೂ ಆಗುವುದಿಲ್ಲ, ದೊಡ್ಡ ಚುಕ್ಕಿಗಳನ್ನೇ ಹುಡುಕಿ ಅಳಿಸಿದರೆ ಜಾಲ ಚೂರಾಗುತ್ತದೆ ಎಂದು ತೋರಿಸಿದರು. ಇದನ್ನು ಇಂಧನದ ಜಾಲದ ಮೇಲೆ ಮಾಡಿ ನೋಡುವುದು ನಿಮ್ಮ ಲ್ಯಾಪ್‌ಟಾಪಿಗೆ ಹತ್ತು ನಿಮಿಷದ ಕೆಲಸ.

ಅಂಕಿ-ಅಂಶಕ್ಕೆ ಅಲೆದಾಡಬೇಕಿಲ್ಲ. ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ಭಂಡಾರದಲ್ಲಿ ಸರಕಿನ ಸಂಕೇತ 2709 ಎಂದರೆ ಕಚ್ಚಾ ತೈಲ, 2710 ಶುದ್ಧೀಕರಿಸಿದ ಎಣ್ಣೆ, 2711 ಅನಿಲ, 2701 ಕಲ್ಲಿದ್ದಲು. ನಮ್ಮ ದೇಶದ ತೈಲದ ಅಂಕಿಗಳಿಗೆ ಪೆಟ್ರೋಲಿಯಂ ಸಚಿವಾಲಯದ ಪಿಪಿಎಸಿ ಇದೆ. ಜಾಲ ಬಿಡಿಸಲು ಗೆಫಿ, ಲೆಕ್ಕಕ್ಕೆ ಪೈಥಾನಿನ ನೆಟ್‌ವರ್ಕ್‌ಎಕ್ಸ್, ಎರಡೂ ಪುಕ್ಕಟೆ.

ಆದರೆ ಎಡವುವ ಜಾಗಗಳನ್ನು ಮೊದಲೇ ತಿಳಿದಿರಬೇಕು. ಒಂದೇ ಸರಕಿಗೆ ಮಾರಿದ ದೇಶ ಬರೆಯುವ ಅಂಕಿಯೂ ಕೊಂಡ ದೇಶ ಬರೆಯುವ ಅಂಕಿಯೂ ಬಹಳ ಸಲ ತಾಳೆಯಾಗುವುದಿಲ್ಲ. ಯಾವುದನ್ನು ಹಿಡಿದಿರಿ, ಏಕೆ ಎಂದು ಬರೆಯಬೇಕು. ಡಾಲರಿನ ತೂಕ ಕೊಟ್ಟರೆ ದರ ಏರಿದ ವರ್ಷ ವ್ಯಾಪಾರವೇ ಹೆಚ್ಚಿದಂತೆ ಕಂಡೀತು, ಟನ್ನಿನಲ್ಲೂ ಒಮ್ಮೆ ನೋಡಬೇಕು. ಸಿಂಗಾಪುರ, ನೆದರ್ಲೆಂಡ್ಸ್ ನಕ್ಷೆಯಲ್ಲಿ ದೈತ್ಯರಂತೆ ಕಾಣುತ್ತವೆ. ಅವು ಹೆಚ್ಚು ಎಣ್ಣೆ ತೆಗೆಯುವ ದೇಶಗಳಲ್ಲ, ಎಣ್ಣೆ ಕೈಬದಲಾಗುವ ಪೇಟೆಗಳು. ಇನ್ನು ಕೆಲವು ಗೆರೆಗಳು ಸುಳ್ಳನ್ನೇ ಹೇಳುತ್ತವೆ. ಮಲೇಷ್ಯಾ ತಾನು ತೆಗೆಯುವುದಕ್ಕಿಂತ ಹೆಚ್ಚು ಎಣ್ಣೆಯನ್ನು ಚೀನಾಕ್ಕೆ ಮಾರಿದಂತೆ ಚೀನಾದ ಸುಂಕದ ಕಡತ ತೋರಿಸಿದ ವರ್ಷಗಳುಂಟು. ನಿರ್ಬಂಧಿತ ಎಣ್ಣೆ ನಡುಸಮುದ್ರದಲ್ಲಿ ಹಡಗಿನಿಂದ ಹಡಗಿಗೆ ದಾಟಿ ಹೆಸರು ಬದಲಿಸಿಕೊಂಡಾಗ ಹೀಗಾಗುತ್ತದೆ.

ಗದಗಿನ ಕಪ್ಪತಗುಡ್ಡದ ಸುತ್ತ ತಿರುಗುವ ಗಾಳಿಯಂತ್ರ, ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇರುವಾಗ ಈ ಹಳೆಯ ಜಾಲದ ಗೊಡವೆ ಏಕೆ ಎಂದು ಯಾರಾದರೂ ಕೇಳಿಯಾರು. ಸೋಲಾರಿಗೂ ಜಾಲವಿದೆ, ಅದರ ದೊಡ್ಡ ಚುಕ್ಕಿ ಚೀನಾ. ವ್ಯತ್ಯಾಸ ಇಷ್ಟೇ: ಎಣ್ಣೆಯ ಹಡಗು ನಿಂತರೆ ದಾಸ್ತಾನು ಕರಗಿದ ಕೂಡಲೇ ಪಂಪು ಖಾಲಿ, ಫಲಕದ ಹಡಗು ನಿಂತರೆ ಹೊಸ ಫಲಕ ಬರುವುದಿಲ್ಲ, ಹಾಕಿದ್ದು ವಿದ್ಯುತ್ ಕೊಡುತ್ತಲೇ ಇರುತ್ತದೆ. ಎರಡು ಜಾಲಗಳಲ್ಲಿ ಗೆರೆ ಕಡಿದ ನೋವು ಎಷ್ಟು ದಿನಕ್ಕೆ ತಟ್ಟುತ್ತದೆ ಎಂಬ ಹೋಲಿಕೆ ಎಂ.ಎ. ಅರ್ಥಶಾಸ್ತ್ರದವರಿಗೆ ಹೇಳಿ ಮಾಡಿಸಿದಂತಿದೆ.

ಕೊನೆಯದಾಗಿ ಒಂದು ಕೋರಿಕೆ. ಕಂಪ್ಯೂಟರ್ ವಿಜ್ಞಾನದ ಇಬ್ಬರು, ಕರ್ನಾಟಕ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಒಬ್ಬರು, ಭೂಗೋಳದ ಒಬ್ಬರು ಸೇರಿ ಒಂದು ತಂಡ ಕಟ್ಟಿಕೊಳ್ಳಿ. ಮೊದಲ ಹಾಳೆಯಲ್ಲಿ ದೇಶಗಳನ್ನು ಬಿಟ್ಟು ಬಾಗಿಲುಗಳನ್ನು ಬರೆಯಿರಿ: ಕ್ವೀನ್ಸ್‌ಲ್ಯಾಂಡಿನ ಕಲ್ಲಿದ್ದಲು ಬಂದರು ಹೇ ಪಾಯಿಂಟ್, ಹೊರ್ಮುಜ್, ಯಾನ್‌ಬು, ಮುರ್ಮುಗಾಂವ್, ಮಂಗಳೂರು, ದಾಭೋಳ. ಅವುಗಳ ಕೆಳಗೆ ಕ್ಯಾಸಲ್‌ರಾಕ್, ಹುಬ್ಬಳ್ಳಿ, ತೋರಣಗಲ್ಲು. ಗೆರೆ ಎಳೆಯಿರಿ, ತೂಕ ಕೊಡಿ, ಒಂದೊಂದೇ ಚುಕ್ಕಿ ಅಳಿಸಿ ನೋಡಿ. ಕಂಡದ್ದನ್ನು ಇಂಗ್ಲಿಷ್ ವರದಿಯ ಜೊತೆ ನಾಲ್ಕು ಪುಟ ಕನ್ನಡದಲ್ಲೂ ಬರೆದು ಕಾಲೇಜಿನ ಗೋಡೆಗೆ ಹಚ್ಚಿ. ಗ್ಯಾಸ್ ಏಜೆನ್ಸಿಯವರು, ಸಿಎನ್‌ಜಿ ಆಟೋದವರು ನಿಂತು ಓದುವಂತಿರಲಿ.

ಇತಿ,
ಅವಳಿ ನಗರದ ಒಬ್ಬ ಓದುಗ

ವಿ.ಸೂ.: ವ್ಯಾಗನ್ ಎಣಿಸಲು ಹೋಗುವವರು ಹಳಿಯ ಹತ್ತಿರ ಇಳಿಯಬಾರದು, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೇ ಎಣಿಸಬಹುದು. ತುಂಬಿದ ರೇಕ್ ಗದಗಿನ ಕಡೆ ಹೋಗುತ್ತದೆ, ಖಾಲಿ ರೇಕ್ ಲೋಂಡಾದ ಕಡೆ. ಸದ್ದಿನಲ್ಲೇ ವ್ಯತ್ಯಾಸ ತಿಳಿಯುತ್ತದೆ.